ಎಡಗೈಯ ಫೋಟೋ

ಬ್ಯಾಡಗಿ ಸ್ಟೇಷನ್ನಿನ ಎರಡನೇ ಬೆಂಚು ನಮ್ಮದು,
ಇಪ್ಪತ್ತೆಂಟು ದಿನಕ್ಕ ಒಂದು ಮಂಗಳವಾರ.
ಸೋಮವಾರ ಮಾರ್ಕೆಟ್ಟು, ಗುರುವಾರ ಮಾರ್ಕೆಟ್ಟು,
ನಡುವಿನ ದಿನ ಕೊಡ್ರಿ, ಕೂಲಿ ಉಳಿತೈತಿ ಅಂತ
ನಾನ ಕೇಳಿಕೊಂಡದ್ದು.
ಮಗಳು ಶೀನತಾಳ. ಎಷ್ಟು ಒಗದ್ರೂ
ಹಮಾಲನ ಅಂಗಿಯೊಳಗ ಮೆಣಸಿನಕಾಯಿ ಇರತೈತಿ.
"ಅಪ್ಪಾ, ಅತ್ಲಾಗ ಸರಿ" ಅಂತಾಳ. ಸರೀತೇನಿ.

ಐದರಾಗ ಆಕಿ ತಲಿಯೊಳಗಿನ ಗಂಟು ತಗದ್ರು.
ಮೂವತ್ತು ದಿನ ಕರೆಂಟು ಕೊಟ್ರು,
ಮಾರಿಗೆ ಬಿಳಿ ಜಾಳಿಗಿ ಬಿಗದು.
ಆ ಜಾಳಿಗಿ ನಮ್ಮ ಅಟ್ಟದ ಮ್ಯಾಲ ಇನ್ನೂ ಐತಿ,
ಐದು ವರ್ಷದ ಮೂಗು, ಐದು ವರ್ಷದ ಗದ್ದ.
ಒಗೀಬೇಕಂತೇವಿ, ಯಾರೂ ಒಗ್ಯಂಗಿಲ್ಲ.

ಉಳದ್ಲು.
ಈ ಮಾತು ನಾ ಮೊದಲ ಹೇಳಬೇಕಿತ್ತು.

ಹೋದ ಶ್ರಾವಣದಾಗ ಜಳಕಾ ಮಾಡಸಾಕ ಹೋದ ಆಕಿ ಅವ್ವ
ಹೊರಗ ಬಂದು ಸುಮ್ಮನ ನಿಂತ್ಲು.
ಕೈಯಾಗಿನ ತಂಬಿಗಿ ನೀರು ಸೋರಾಕತ್ತಿತ್ತು.
"ಎದಿಯಾಗ ಗಂಟು ಕಟ್ಟ್ಯಾವ" ಅಂದ್ಲು.
ಮತ್ತ ಆ ಗಂಟ ಬಂತು ಅಂತ ನಾ ಗ್ವಾಡಿ ಹಿಡದೆ.
"ಆ ಗಂಟಲ್ಲ."
ನಂಗ ಸಮಾಧಾನಾತು.
ಆಕಿಗೆ ಆಗಲಿಲ್ಲ.

ಹುಬ್ಬಳ್ಳ್ಯಾಗ ಎಡಗೈ ಫೋಟೋ ತಗದ್ರು.
ಕೈ ನೋಡಿ ಮುಂದಿಂದು ಹೇಳಾವರು ಗೊತ್ತು,
ಇವರು ವಯಸ್ಸು ಹೇಳಿದ್ರು:
"ಎಲುಬು ಹನ್ನೊಂದರದ್ದು."
ಹಾಲುಹಲ್ಲು ಇನ್ನೂ ಬೀಳೂ ಮಗಳಿಗೆ
ಹನ್ನೊಂದು ವರ್ಷದ ಕೈ.
ನಾ ತೂಕದ ಮನಷ್ಯಾ, ಪಾವಕೇಜಿ ಕಡಿಮಿ ಬಿದ್ರ ಜಗಳಾ ತಗೀತೇನಿ.
ಮೂರು ವರ್ಷ ಕಡಿಮಿ ಬಿದ್ದಾವ,
ಯಾವ ಅಂಗಡಿ ಮುಂದ ನಿಂತು ಕೇಳಲಿ?

ಡಾಕ್ಟರು ಕೇಳಿದ್ರು:
"ನಿಮ್ಮ ಯಾರ್ಡಿನ ಗೇಟಿನಂವ ಮಲಕೊಂಡ್ರ?"
"ಎಲ್ಲಾ ಗಾಡಿ ಒಮ್ಮೆಲೆ ಒಳಗ ನುಗ್ಗತಾವ್ರಿ."
"ಹಂಗ ಆಗೈತಿ. ಕರೆಂಟಿನ ಬಿಸಿಗೆ
ತಲಿಯೊಳಗಿನ ಗೇಟಿನಂವ ಮಲಕೊಂಡಾನ.
ಈ ಸೂಜಿ ಗೇಟು ಹಾಕತೈತಿ, ಒಂದ ತಿಂಗಳಿನ ಮಟ್ಟಿಗೆ."

ತಿಂಗಳದ್ದು ಬರಬಾರದಂತ ತಿಂಗಳಾ ಸೂಜಿ.
ಗ್ವಾಡಿ ಕ್ಯಾಲೆಂಡರಿನಾಗ ಹೆಂಡತಿ ತನ್ನ ದಿನಕ್ಕ
ಅರಿಷಿಣದ ಚುಕ್ಕಿ ಇಡತಾಳ, ಮದುವ್ಯಾದಾಗಿಂದ.
ನಾ ಎಂದೂ ನೋಡಿದ್ದಿಲ್ಲ.
ಈಗ ಅದರ ಬಾಜೂಕ ನಂದೊಂದು ಕೆಂಪು ಪೆನ್ನಿನ ಗೀಟು.
ಎರಡು ಸಲ ಎರಡೂ ಒಂದ ದಿನ ಬಿದ್ದಾವ.

ತಂಗಿ ಅಂತಾಳ: ದೊಡ್ಡಾಕಿ ಆಗೂದ ತಡದ್ರ ಪಾಪ ಬರತೈತಿ,
ಆರತಿ ಮಾಡೂಣು, ಉತ್ತತ್ತಿ ಕೊಬ್ಬರಿ ನಾ ತರತೇನಿ.
ನಮ್ಮ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ,
ಕೆಂಪ ಆತಂದ್ರ ಎಲ್ಲಾ ಆತಂತಲ್ಲ ಅನ್ನಾಕ ಬಾಯಿ ತಗದೆ.
ಮಗಳೇನ ಮೆಣಸಿನಕಾಯಲ್ಲ.
ಬಾಯಿ ಮುಚ್ಚಿದೆ.

"ಸಿಂಚನಾ ಮಾಲತೇಶ ಕಾಗಿನೆಲ್ಲಿ!"
ಎತ್ತರದ ಹಲಗಿಗೆ ಬೆನ್ನ ಕೊಟ್ಟು
ತುದಿಗಾಲ ಮ್ಯಾಲ ನಿಲ್ಲತಾಳ.
"ಹಿಂಬಡ ಊರು" ಅಂತಾರ ಸಿಸ್ಟರು. ನಗತಾಳ.
ಮೂರನೇ ಇಯತ್ತೆಯೊಳಗ ಆಕೀನ ಎತ್ತರ,
ಪ್ರಾರ್ಥನಾಕ್ಕ ಸಾಲಿನ ಕಡೀಕ ನಿಲ್ಲೂದು ಆಕಿಗೆ ಹೆಮ್ಮಿ.
ಇನ್ನ ಮೂರ್ನಾಕು ವರ್ಷಕ್ಕ ಎಲ್ಲಾರೂ ದಾಟಿ ಹೋಗಬಹುದು,
ಸೂಜಿ ಹಾಕಿದ್ರೂನೂ.
ಅದನ್ನ ಹೇಳಾಕ ಒಂದು ಮಂಗಳವಾರ ಹುಡುಕಾಕತ್ತೇನಿ.

ಹೊಳ್ಳಿ ಬರುವಾಗ ಕಿಟಕಿ ಆಕಿದು.
ಲಕೋಟಿಯಿಂದ ಫೋಟೋ ತಗದು ಬಿಸಲಿಗೆ ಹಿಡೀತಾಳ.
ಎಲುಬಿನ ಹಿಂದ ಹತ್ತಿಹೊಲ, ಕಂಬ, ಒಂದು ಎಮ್ಮಿ ಓಡಿಹೋಗತಾವ.
ಬೆರಳಿನ ಗೆಣ್ಣಿನ ಹತ್ತರ ಸಣ್ಣ ಸಣ್ಣ ಕರೇ ಗೆರಿ.
"ಈ ಸಂದು ತೆರದ ಇರಬೇಕು, ಇದರಾಗ ಬೆಳೀತಾಳ"
ಅಂದಿದ್ರು ಡಾಕ್ಟರು.

"ಅಪ್ಪಾ, ದೊಡ್ಡಾಕಿ ಆಗೂದಂದ್ರ ನೋವು ಆಗತೈತೇನು?"
"ನಂಗೊತ್ತಿಲ್ಲವಾ. ಅವ್ವನ ಕೇಳೂಣು."
"ನೀನ ಕೇಳಿ ಹೇಳು."

ಸಂದು ಎಣಸ್ತಾ ಎಣಸ್ತಾ
ಹಾವೇರಿ ದಾಟೂದರಾಗ ನಿದ್ದಿ ಹೋದ್ಲು.
ಉಳದವನ್ನ ನಾ ಎಣಿಸಿದೆ.
ಬ್ಯಾಡಗಿ ಬಂತು.
ಬಾಗಲಾ ತಗದ ಕೂಡಲೆ ಇಬ್ಬರೂ ಶೀನಿದ್ವಿ.